ಮಧ್ಯಾಂಕ ತಪ್ಪಿದ್ದೆಲ್ಲಿ?

ಪ್ರಶ್ನೆ: ಸಂಖ್ಯಾಶಾಸ್ತ್ರದ ಹೋಂವರ್ಕಿಗೆ 40 ಮಕ್ಕಳ ಅಂಕಗಳನ್ನು ಕೊಟ್ಟಿದ್ದಾರೆ. 0–10ರಲ್ಲಿ 4 ಮಂದಿ, 10–20ರಲ್ಲಿ 6, 20–30ರಲ್ಲಿ 12, 30–40ರಲ್ಲಿ 10, 40–50ರಲ್ಲಿ 8. ಮಧ್ಯಾಂಕ (ಅಂಕಗಳನ್ನು ಏರಿಕೆ ಕ್ರಮದಲ್ಲಿಟ್ಟರೆ ನಟ್ಟನಡುವೆ ಬೀಳುವ ಬೆಲೆ) ನನಗೆ 18.33 ಬರುತ್ತದೆ, ಪುಸ್ತಕದ ಹಿಂದೆ 28.33 ಇದೆ. ಸೂತ್ರ ಸರಿಯಾಗಿಯೇ ಬರೆದಿದ್ದೇನೆ.
— ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಸೂತ್ರ ಸರಿ, ಅದರೊಳಗೆ ಹಾಕಿದ ಸಂಚಿತ ಆವೃತ್ತಿ (ಮೊದಲಿನಿಂದ ಆ ಸಾಲಿನವರೆಗಿನ ಒಟ್ಟು ಮಂದಿ) ತಪ್ಪು. ಸಂಚಿತ ಆವೃತ್ತಿಗಳು ಕ್ರಮವಾಗಿ 4, 10, 22, 32, 40. ಒಟ್ಟು 40ರ ಅರ್ಧ 20. ಅದನ್ನು ಮೊದಲು ದಾಟುವುದು 22, ಹಾಗಾಗಿ ಮಧ್ಯಾಂಕವಿರುವ ವರ್ಗಾಂತರ (ಅಂಕಗಳ ಗುಂಪು) 20–30. ಇಲ್ಲಿಯವರೆಗೆ ನೀವೂ ಬಂದಿದ್ದೀರಿ. ಆದರೆ 20ರಿಂದ ಕಳೆಯಬೇಕಾದದ್ದು ಅದರ ಹಿಂದಿನ ಸಾಲಿನ 10. ನೀವು ಅದೇ ಸಾಲಿನ 22 ಕಳೆದಿದ್ದೀರಿ, −2 ಬಂದಿದೆ, ಉತ್ತರ 20ಕ್ಕಿಂತ ಕೆಳಗಿಳಿದಿದೆ. 20–30ರೊಳಗೆ ಇರಬೇಕಾದ ಮಧ್ಯಾಂಕ 18.33 ಆದದ್ದು ಕಂಡೊಡನೆ ಅನುಮಾನ ಬರಬೇಕಿತ್ತು. ಕೆಲವರು ಋಣ ಚಿಹ್ನೆಗೆ ಹೆದರಿ ಅದನ್ನು ಅಳಿಸಿ 21.67 ಬರೆಯುತ್ತಾರೆ. ಅದು ಇನ್ನೂ ಕೆಟ್ಟದ್ದು, ವರ್ಗಾಂತರದೊಳಗೇ ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಸೂತ್ರವನ್ನು ಬಾಯಿಪಾಠ ಮಾಡುವ ಬದಲು ಹೀಗೆ ನೋಡಿ: 20 ಅಂಕದೊಳಗೆ 10 ಮಂದಿ ಮುಗಿದರು. 20ನೆಯವರನ್ನು ತಲುಪಲು ಇನ್ನೂ 10 ಮಂದಿ ಬೇಕು. ಮುಂದಿನ ವರ್ಗಾಂತರದಲ್ಲಿ 12 ಮಂದಿ ಸಮನಾಗಿ ಹರಡಿದ್ದಾರೆ ಎಂದುಕೊಂಡರೆ, ಅದರ ಅಗಲವಾದ 10ರಲ್ಲಿ ಹನ್ನೆರಡಕ್ಕೆ ಹತ್ತು ಪಾಲು ನಡೆಯಬೇಕು. 10 ÷ 12 × 10 = 8.33. ಕೆಳಮಿತಿ 20 ಸೇರಿಸಿದರೆ 28.33.

ಪ್ರಶ್ನೆ: ಇನ್ನೊಂದು ಲೆಕ್ಕದಲ್ಲಿ ಆವೃತ್ತಿಗಳು ಇವೇ, ಆದರೆ ವರ್ಗಾಂತರಗಳು 1–10, 11–20, 21–30 ಎಂದು ಹೋಗುತ್ತವೆ. ಮಗ 28.5 ತಂದಿದ್ದಾನೆ. ಸರಿಯೇ?
— ಪೋಷಕರು, ಶಿರಸಿ

ಉತ್ತರ: ಇಲ್ಲ, 28.83 ಬರಬೇಕು. 10ಕ್ಕೂ 11ಕ್ಕೂ ನಡುವೆ ಸಂದು ಇದೆ. ಅದನ್ನು ಮುಚ್ಚದೆ ಸೂತ್ರ ಹಚ್ಚುವಂತಿಲ್ಲ. ಪ್ರತಿ ಕೆಳಮಿತಿಯಿಂದ 0.5 ಕಳೆದು, ಮೇಲ್ಮಿತಿಗೆ 0.5 ಕೂಡಿಸಿ: 0.5–10.5, 10.5–20.5, 20.5–30.5. ಈಗ ಕೆಳಮಿತಿ 20.5, ಅಗಲ 10. ನಿಮ್ಮ ಮಗ ಕೆಳಮಿತಿ 21 ಎಂದಿಟ್ಟು, 30ರಲ್ಲಿ 21 ಕಳೆದು ಅಗಲ 9 ಎಂದಿದ್ದಾನೆ. ಎರಡು ತಪ್ಪೂ ಎದುರುಬದುರು ದಿಕ್ಕಿನವಾದ್ದರಿಂದ ಉತ್ತರ ಹತ್ತಿರವೇ ಬಂದುಬಿಟ್ಟಿದೆ.

ಪ್ರಶ್ನೆ: ಮೊದಲಿನಂಥದೇ ಪಟ್ಟಿಗೆ ಓಜೀವ್ (ಸಂಚಿತ ಆವೃತ್ತಿಯ ವಕ್ರರೇಖೆ) ಎಳೆದರೆ ಮಧ್ಯಾಂಕ 23ರ ಆಸುಪಾಸು ಸಿಗುತ್ತದೆ. ಗ್ರಾಫ್ ಅಷ್ಟು ಅಂದಾಜೇ?
— ವಿದ್ಯಾರ್ಥಿ, ರಾಯಚೂರು

ಉತ್ತರ: ಗ್ರಾಫಿನಲ್ಲಿ ಕೂದಲೆಳೆಯ ವ್ಯತ್ಯಾಸ ಬರಬಹುದು, 5 ಬರುವುದಿಲ್ಲ. ವರ್ಗಾಂತರದ ಅಗಲದ ಸರಿಯಾಗಿ ಅರ್ಧದಷ್ಟು ಕಡಿಮೆ ಬಂದರೆ ಬಿಂದುಗಳನ್ನು ಮಧ್ಯಬಿಂದುವಿನ ಮೇಲೆ ಇಟ್ಟಿದ್ದೀರಿ ಎಂದೇ ಅರ್ಥ. ‘ಕಡಿಮೆ ವಿಧಾನ’ದ (ಇಷ್ಟಕ್ಕಿಂತ ಕಡಿಮೆ ಅಂಕದವರು ಎಷ್ಟು ಎಂದು ತೋರಿಸುವ) ಓಜೀವ್‌ಗೆ ಮೇಲ್ಮಿತಿಯೇ ಬೇಕು: (10, 4), (20, 10), (30, 22), (40, 32), (50, 40). 22 ಮಂದಿ ಪೂರ್ತಿಯಾಗುವುದು 30ರಲ್ಲಿ, 25ರಲ್ಲಲ್ಲ. ಲಂಬ ಅಕ್ಷದ 20ರಿಂದ ಅಡ್ಡಗೆರೆ ಎಳೆದು, ವಕ್ರರೇಖೆಗೆ ತಾಗಿದಲ್ಲಿಂದ ಕೆಳಗಿಳಿಸಿ; 28ರ ಸ್ವಲ್ಪ ಬಲಕ್ಕೆ ಬರುತ್ತದೆ. ಮಧ್ಯಬಿಂದು ಬೇಕಾಗುವುದು ಸರಾಸರಿಗೆ ಮತ್ತು ಆವೃತ್ತಿ ಬಹುಭುಜಾಕೃತಿಗೆ.

ಪ್ರಶ್ನೆ: ಮೊದಲ ಪಟ್ಟಿಗೆ ಸರಾಸರಿ 28, ಬಹುಲಕ (ಅತಿ ಹೆಚ್ಚು ಸಲ ಬರುವ ಬೆಲೆ) 27.5, ಮಧ್ಯಾಂಕ 28.33 ಬಂತು. ‘3 ಮಧ್ಯಾಂಕ = ಬಹುಲಕ + 2 ಸರಾಸರಿ’ಗೆ ತಾಳೆ ನೋಡಿದರೆ ಒಂದು ಕಡೆ 85, ಇನ್ನೊಂದು ಕಡೆ 83.5. ಯಾವುದು ತಪ್ಪು?
— ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಮೂರೂ ಸರಿ. ಅದು ಅಂದಾಜಿನ ಸಂಬಂಧ, ತಾಳೆ ನೋಡುವ ಸಾಧನವಲ್ಲ. ಎರಡು ಬೆಲೆ ಕೊಟ್ಟು ಮೂರನೆಯದನ್ನು ಇದೇ ಸಂಬಂಧದಿಂದ ಕಂಡುಹಿಡಿಯಿರಿ ಎಂದು ಕೇಳಿದಾಗ ಮಾತ್ರ ಬಳಸಿ.