ಜೊತೆಗಾರರು ಬದಲಾಗುವ ಮಿಕ್ಸೆಡ್ ಡಬಲ್ಸ್‌ಗೆ ವೇಳಾಪಟ್ಟಿ ಹಾಕುವುದು ಹೇಗೆ?

ಭಾನುವಾರದ ಟೆನಿಸ್ ಮಿಕ್ಸೆಡ್ ಡಬಲ್ಸ್‌ನಲ್ಲಿ (ಪ್ರತಿ ಕಡೆಯಲ್ಲೂ ಒಬ್ಬ ಪುರುಷ, ಒಬ್ಬ ಮಹಿಳೆ) ಪ್ರತಿ ಸುತ್ತಿಗೂ ಜೊತೆಗಾರರು ಬದಲಾಗಬೇಕು, ಗಂಡ ಹೆಂಡತಿ ಒಂದೇ ಕಡೆಯಲ್ಲಾಗಲಿ ಎದುರುಬದುರಾಗಲಿ ಆಡಬಾರದು, ಇದಕ್ಕೆ ಯಾವ ತಂತ್ರಾಂಶ ಬಳಸಬೇಕು ಎಂದು ಕೇಳಿದ್ದೀರಿ. ಬೆಂಗಳೂರಿನ ಬಡಾವಣೆಯೊಂದರ ಕ್ಲಬ್‌ನಲ್ಲಿ ನಾನು ಇದೇ ಕೆಲಸವನ್ನು ನೋಡಿಕೊಳ್ಳುತ್ತೇನೆ. ಟೂರ್ನಿಗಳಿಗೆಂದು ಸಿಗುವ ಹೆಚ್ಚಿನ ತಂತ್ರಾಂಶಗಳು ಜೋಡಿಯನ್ನು ಒಡೆಯಲಾಗದ ಒಂದು ತಂಡವೆಂದು ಭಾವಿಸಿ ನಾಕೌಟ್ ಅಥವಾ ಲೀಗ್ ಪಟ್ಟಿ ಹಾಕುತ್ತವೆ. ನಿಮ್ಮ ಅಗತ್ಯ ಅದಲ್ಲದ ಕಾರಣ ಅವುಗಳನ್ನು ಬದಿಗಿಡಿ. ದಂಪತಿಗಳಷ್ಟೇ ಆಡುವುದಾದರೆ ಮತ್ತು ಅವರ ಸಂಖ್ಯೆ ಅನುಕೂಲವಾಗಿದ್ದರೆ, ಗೂಗಲ್ ಶೀಟ್ಸ್‌ನಲ್ಲಿ ಬರೆಯಬಹುದಾದ ಒಂದೇ ಸೂತ್ರ ಸಾಕು.

ಐದು ದಂಪತಿಗಳಿದ್ದಾರೆ ಎಂದುಕೊಳ್ಳಿ. ಅವರಿಗೆ 1ರಿಂದ 5ರವರೆಗೆ ಸಂಖ್ಯೆ ಕೊಡಿ. ಗಂಡನಿಗೂ ಹೆಂಡತಿಗೂ ಒಂದೇ ಸಂಖ್ಯೆ. ಇಬ್ಬರು ಗಂಡಸರು ಎದುರಾದಾಗ, ಪ್ರತಿಯೊಬ್ಬನೂ ತನ್ನ ಸಂಖ್ಯೆಯ ಎರಡರಷ್ಟರಿಂದ ಎದುರಾಳಿಯ ಸಂಖ್ಯೆಯನ್ನು ಕಳೆದು, ಅದನ್ನು 5ರಿಂದ ಭಾಗಿಸಿದಾಗ ಉಳಿಯುವ ಶೇಷದ ಸಂಖ್ಯೆಯುಳ್ಳ ಮಹಿಳೆಯ ಜೊತೆ ಆಡಬೇಕು. ಕಳೆದಾಗ ಋಣಸಂಖ್ಯೆ ಬಂದರೆ ಮೊದಲು ಅದಕ್ಕೆ 5 ಕೂಡಿಸಿ. ಶೇಷ ಸೊನ್ನೆಯಾದರೆ ಅದು 5. ಒಂದನೆಯವನೂ ಎರಡನೆಯವನೂ ಎದುರಾದಾಗ ಮೊದಲನೆಯವನಿಗೆ 5ನೆಯವರು, ಎರಡನೆಯವನಿಗೆ 3ನೆಯವರು ಜೊತೆಗಾರರಾಗುತ್ತಾರೆ. ಹೀಗೆ ಆಗುವ 10 ಪಂದ್ಯಗಳಲ್ಲಿ ಪ್ರತಿಯೊಬ್ಬರೂ ತಮ್ಮ ಸಂಗಾತಿಯನ್ನು ಬಿಟ್ಟು ವಿರುದ್ಧ ಲಿಂಗದ ಉಳಿದ ಎಲ್ಲರ ಜೊತೆಗೆ ಒಮ್ಮೆ, ಉಳಿದ ಎಲ್ಲರ ಎದುರಿಗೆ ಒಮ್ಮೆ ಆಡಿರುತ್ತಾರೆ. ಗಂಡಸರ ಸಂಖ್ಯೆಗಳ ಮೊತ್ತವನ್ನು 5ರಿಂದ ಭಾಗಿಸಿ, ಒಂದೇ ಶೇಷ ಬರುವ ಪಂದ್ಯಗಳನ್ನು ಒಂದೇ ಸುತ್ತಿಗೆ ಹಾಕಿದರೆ ಎರಡು ಕೋರ್ಟ್‌ಗಳಲ್ಲಿ ಐದು ಸುತ್ತುಗಳು ಮುಗಿಯುತ್ತವೆ. ಪ್ರತಿ ಸುತ್ತಿನಲ್ಲೂ ಒಬ್ಬ ಗಂಡನೂ ಅವನ ಹೆಂಡತಿಯೂ ಒಟ್ಟಿಗೇ ಹೊರಗುಳಿಯುತ್ತಾರೆ. ಉಳಿದ ಸುತ್ತುಗಳಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಆಡುತ್ತಿರುವುದರಿಂದ, ಚಿಕ್ಕ ಮಕ್ಕಳಿರುವವರು ಮಾತ್ರ ಅದನ್ನು ಲಾಭವೆಂದು ಪರಿಗಣಿಸುವುದಿಲ್ಲ. ಎರಡರಿಂದಾಗಲಿ ಮೂರರಿಂದಾಗಲಿ ಭಾಗವಾಗದ 7, 11 ಮುಂತಾದ ಸಂಖ್ಯೆಗಳಿಗೂ, 5ರ ಬದಲು ಆ ಸಂಖ್ಯೆಯನ್ನಿಟ್ಟು, ಇದೇ ಸೂತ್ರವನ್ನು ಬಳಸಬಹುದು. ನಾಲ್ಕು ಅಥವಾ ಎಂಟು ದಂಪತಿಗಳಿಗೆ ಸೂತ್ರ ಬೇರೆ, ಆದರೆ ಅಲ್ಲಿ ಯಾರೂ ಕೂರಬೇಕಿಲ್ಲ: ಎಂಟು ದಂಪತಿಗಳಿಗೆ ನಾಲ್ಕು ಕೋರ್ಟ್‌ಗಳಲ್ಲಿ ಏಳು ಸುತ್ತುಗಳು ಸಾಕು.

ತೊಡಕಿರುವುದು ಆರು ದಂಪತಿಗಳು ಬಂದಾಗ. ಮೂರು ಕೋರ್ಟ್‌ಗಳಿಗೆ 12 ಜನ ಹೇಳಿ ಮಾಡಿಸಿದಂತೆ ಕಂಡರೂ, ಅವರಿಗೆ ಇಂಥ ದೋಷವಿಲ್ಲದ ಪಟ್ಟಿ ಇರಲು ಸಾಧ್ಯವೇ ಇಲ್ಲ. ಇದರ ಮೂಲ ಗಣಿತಜ್ಞ ಆಯ್ಲರನ 36 ಅಧಿಕಾರಿಗಳ ಸಮಸ್ಯೆಯಲ್ಲಿದೆ: ಆರು ದಳಗಳ, ಆರು ದರ್ಜೆಗಳ 36 ಅಧಿಕಾರಿಗಳನ್ನು ಪ್ರತಿ ಅಡ್ಡಸಾಲಿನಲ್ಲೂ ಕಂಬಸಾಲಿನಲ್ಲೂ ಪ್ರತಿ ದಳ, ಪ್ರತಿ ದರ್ಜೆ ಒಮ್ಮೆ ಮಾತ್ರ ಬರುವಂತೆ ಚೌಕದಲ್ಲಿ ನಿಲ್ಲಿಸಬಹುದೇ? ಆರು ದಂಪತಿಗಳ ಪಟ್ಟಿ ಇದ್ದಿದ್ದರೆ ಅದರಿಂದಲೇ ಈ ಸಮಸ್ಯೆಗೂ ಉತ್ತರ ಸಿಗುತ್ತಿತ್ತು. ಆದರೆ ಅದಕ್ಕೆ ಉತ್ತರವಿಲ್ಲವೆಂದು ಫ್ರಾನ್ಸ್‌ನ ಗಣಿತಜ್ಞ ಗಾಸ್ಟನ್ ಟಾರಿ 1900ರ ಹೊತ್ತಿಗೆ ತೋರಿಸಿದ. ದಂಪತಿಗಳ ಟೆನಿಸ್ ಪಟ್ಟಿ ಎರಡು, ಮೂರು ಮತ್ತು ಆರು ಜೋಡಿಗಳಿಗೆ ಮಾತ್ರ ಅಸಾಧ್ಯ, ಉಳಿದೆಲ್ಲ ಸಂಖ್ಯೆಗಳಿಗೂ ಸಾಧ್ಯ ಎಂಬುದನ್ನು ಗಣಿತಜ್ಞರಾದ ಬ್ರೇಟನ್, ಕಾಪರ್‌ಸ್ಮಿತ್ ಮತ್ತು ಹಾಫ್‌ಮನ್ 1974ರಲ್ಲಿ ಸಾಧಿಸಿದರು. ಆದ್ದರಿಂದ ಆರು ದಂಪತಿಗಳಿಗೆ ಪರಿಪೂರ್ಣ ಪಟ್ಟಿ ಕೊಡುತ್ತೇನೆ ಎನ್ನುವ ಆ್ಯಪ್ ಎಲ್ಲೋ ಒಂದು ಕಡೆ ನಿಯಮ ಮುರಿದಿರುತ್ತದೆ. ಏಳನೆಯ ಜೋಡಿಯೊಂದನ್ನು ಕರೆದುಬಿಡುವುದು ಸುಲಭ. ಮೂರು ಕೋರ್ಟ್‌ಗಳಿಗೆ ಏಳು ದಂಪತಿಗಳು ಚೆನ್ನಾಗಿ ಹೊಂದುತ್ತಾರೆ.

ಒಂಟಿಯಾಗಿ ಬರುವವರು, ಎಂಟು ಗಂಟೆಗೆ ಹೊರಡುವವರು, ಆಟದ ಮಟ್ಟದ ವ್ಯತ್ಯಾಸ ಇವೆಲ್ಲ ಸೇರಿದಾಗ ಸೂತ್ರ ಕೈಕೊಡುತ್ತದೆ. ನಿಮ್ಮ ಕ್ಲಬ್‌ನಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರು ಒಬ್ಬರಿದ್ದರೆ (ಬೆಂಗಳೂರಿನಲ್ಲಿ ಇಲ್ಲದಿದ್ದರೇ ಆಶ್ಚರ್ಯ) ಗೂಗಲ್‌ನ ಉಚಿತ ತಂತ್ರಾಂಶ ಓಆರ್-ಟೂಲ್ಸ್‌ನಲ್ಲಿರುವ, ಕೊಟ್ಟ ನಿಯಮಗಳಿಗೆ ಹೊಂದುವ ಉತ್ತರವನ್ನು ಹುಡುಕುವ ಸಿಪಿ-ಸ್ಯಾಟ್ ಎಂಬ ಸಾಧನವನ್ನು ಬಳಸಲು ಹೇಳಿ. ಒಬ್ಬರು ಒಂದು ಸುತ್ತಿನಲ್ಲಿ ಒಂದೇ ಪಂದ್ಯ ಆಡಬೇಕು, ಸಂಗಾತಿಗಳು ಒಂದೇ ಕೋರ್ಟ್‌ನಲ್ಲಿ ಇರಬಾರದು ಎಂಬಂಥವನ್ನು ಮೀರಲಾಗದ ನಿಯಮಗಳೆಂದು ಬರೆಯಬೇಕು. ಅದೇ ಎದುರಾಳಿ ಮತ್ತೆ ಬಂದರೆ ಸಣ್ಣ ದಂಡ, ಅದೇ ಜೊತೆಗಾರ ಮತ್ತೆ ಬಂದರೆ ದೊಡ್ಡ ದಂಡ ಎಂದು ಅಂಕಗಳನ್ನು ಕೊಟ್ಟು, ಒಟ್ಟು ದಂಡ ಆದಷ್ಟು ಕಡಿಮೆಯಿರುವ ಪಟ್ಟಿಯನ್ನು ಹುಡುಕಿಸಬೇಕು. ಹಿಂದಿನ ವಾರಗಳ ಜೊತೆಗಾರಿಕೆಯ ದಾಖಲೆಯನ್ನೂ ಇದೇ ಲೆಕ್ಕಕ್ಕೆ ಸೇರಿಸಿ.

ಆಟದ ಮಟ್ಟವನ್ನು ಸರಿದೂಗಿಸುವ ವಿಷಯದಲ್ಲಿ ಸ್ವಲ್ಪ ಕೈ ಬಿಗಿಹಿಡಿಯಿರಿ. ಎರಡೂ ಕಡೆಯ ಬಲ ಸಮವಾಗಿರಲೇಬೇಕೆಂದು ಹಟ ಹಿಡಿದರೆ, ಯಂತ್ರವು ಅತಿ ಬಲಿಷ್ಠ ಆಟಗಾರನನ್ನು ವಾರವಾರವೂ ಹೊಸದಾಗಿ ಕಲಿಯುತ್ತಿರುವವರ ಜೊತೆಗೇ ಹಾಕುತ್ತದೆ. ಆಗ ಇಬ್ಬರಿಗೂ ಬೇಸರ, ಜೊತೆಗಾರರನ್ನು ಬದಲಾಯಿಸುವ ಉದ್ದೇಶವೂ ಅಲ್ಲಿಗೆ ಮಣ್ಣುಪಾಲು. ನನ್ನ ಲೆಕ್ಕದಲ್ಲಿ ಮಟ್ಟದ ವ್ಯತ್ಯಾಸಕ್ಕೆ ಪುನರಾವರ್ತನೆಗಿಂತ ಬಹಳ ಕಡಿಮೆ ದಂಡವಿರುತ್ತದೆ.

ಯಾರಾದರೂ ಬರುವುದಿಲ್ಲವೆಂದು ಬೆಳಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿದರೆ ಇಡೀ ಪಟ್ಟಿಯನ್ನು ಮತ್ತೆ ಹಾಕಿಸಿ. ಆಟದ ನಡುವೆ ಯಾರಾದರೂ ಹೊರಟರೆ, ಮುಗಿದ ಸುತ್ತುಗಳನ್ನು ಹಾಗೆಯೇ ಸ್ಥಿರವಾಗಿಟ್ಟು ಉಳಿದವನ್ನು ಮಾತ್ರ ಹಾಕಿಸಿ. ಒಂದು ಕೋರ್ಟ್‌ನ ಪಂದ್ಯ ಎಳೆದರೆ ಮುಂದಿನ ಸುತ್ತಿಗಾಗಿ ಎಲ್ಲರೂ ಕಾಯಬೇಕಾಗುವುದರಿಂದ, ನಾಲ್ಕು ಗೇಮ್‌ಗಳ ಕಿರು ಸೆಟ್ ಆಡಿಸಿ, ಡ್ಯೂಸ್‌ನಲ್ಲಿ ಅಡ್ವಾಂಟೇಜ್ ಇಲ್ಲದೆ ಒಂದೇ ನಿರ್ಣಾಯಕ ಪಾಯಿಂಟ್ ಇಡಿ. ಮಿಕ್ಸೆಡ್ ಡಬಲ್ಸ್‌ನಲ್ಲಿ ಆ ಪಾಯಿಂಟ್‌ಗೆ ಸರ್ವ್ ಮಾಡುವವರು ಮಹಿಳೆಯಾದರೆ ಮಹಿಳೆಯೇ, ಪುರುಷನಾದರೆ ಪುರುಷನೇ ರಿಸೀವ್ ಮಾಡಬೇಕೆಂಬ ನಿಯಮವನ್ನು ಪಟ್ಟಿಯ ಕೆಳಗೇ ಅಚ್ಚು ಹಾಕಿಸಿಬಿಡಿ.