ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿ ಆರು ದಿನ ಇದ್ರೆ ಯಾವ ಬೀಚ್‌ಗೆ ಹೋಗ್ಬೇಕು?

ಸೆಪ್ಟೆಂಬರ್‌ನಲ್ಲಿ ಮಕ್ಕಳು, ಅಪ್ಪ ಅಮ್ಮನ ಜೊತೆ ಹೋಗ್ತಿದೀವಿ, ದ್ವೀಪದ ಪಶ್ಚಿಮಕ್ಕಿರೋ ಹಾನಿಯಾದಲ್ಲಿ ರೂಮು, ಲಿಸ್ಟಲ್ಲಿ ಒಂಬತ್ತು ಬೀಚು ಅಂತ ಬರ್ದಿದೀರ. (ಊರಿನ ಹೆಸರಲ್ಲಷ್ಟೇ ಹಾನಿ, ಊರು ಬಂಗಾರ.) ಒಂಬತ್ತು ಬೇಡ ಮಾರಾಯ್ರೆ, ಮೂರು ಸಾಕು. ಮ್ಯಾಪಲ್ಲಿ ಕ್ರೀಟ್ ಬೆರಳಷ್ಟು ಕಾಣುತ್ತೆ, ಆದ್ರೆ ಉದ್ದ 260 ಕಿಲೋಮೀಟರ್, ನಡುವೆ ಬರೀ ಬೆಟ್ಟ. ನಿಮ್ಮ ಲಿಸ್ಟಲ್ಲಿರೋ ವಾಯ್ ಪೂರ್ವದ ತುದೀಲಿದೆ, ಅಲ್ಲಿ ಖರ್ಜೂರದ ಜಾತಿಯ ಮರಗಳ ತೋಪು ಚೆನ್ನಾಗಿದೆ ನಿಜ, ಆದ್ರೆ ಹಾನಿಯಾದಿಂದ ಹೋಗಿ ಬರೋದ್ರಲ್ಲೇ ದಿನ ಮುಗ್ದೋಗುತ್ತೆ. ಹೊಡೆದು ಹಾಕಿ ಅದನ್ನ.

ವಯಸ್ಸಾದವ್ರು ಇದ್ರೆ ಕಣ್ಮುಚ್ಚಿ ಎಲಾಫೊನಿಸಿಗೆ ಹೋಗಿ. ಹಾನಿಯಾದಿಂದ ಸುಮಾರು 75 ಕಿಲೋಮೀಟರ್, ತಿರುವು ಜಾಸ್ತಿ, ಒಂದೂವರೆ ಗಂಟೆ ಹಿಡಿಯುತ್ತೆ. ನಮ್ಮಮ್ಮ ಹೊನ್ನಾವರದಲ್ಲಿ ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದ್ರೂ ಅಲೆಗೆ ಹೆದ್ರಿ ಪಾದ ನೆನೆಸಿದ್ದಕ್ಕಿಂತ ಮುಂದೆ ಹೋದವಳಲ್ಲ, ಅಲ್ಲಿ ನೀರು ಮೊಣಕಾಲುದ್ದ ಅಷ್ಟೇ ಅಂತ ನೋಡಿದ್ಮೇಲೆ ಸೀರೆ ಎತ್ಕೊಂಡು ಎದುರಿಗಿರೋ ಪುಟ್ಟ ದ್ವೀಪಕ್ಕೆ ನಡ್ಕೊಂಡೇ ಹೋಗ್ಬಿಟ್ಲು. ಹೋದವಳು ಅಲ್ಲಿಂದ ಕೂಗಿ ಕೇಳಿದ್ದು, "ಉಬ್ಬರ ಎಷ್ಟೊತ್ತಿಗೋ? ಅಷ್ಟ್ರೊಳಗೆ ವಾಪಸ್ ಬರ್ಬೇಕಲ್ಲ!" ಮೆಡಿಟರೇನಿಯನ್‌ನಲ್ಲಿ ಉಬ್ಬರ ಇಳಿತ ಹೆಚ್ಚುಕಮ್ಮಿ ಇಲ್ವೇ ಇಲ್ಲ ಅಂದ್ರೆ ಅವಳು ಇವತ್ತಿಗೂ ನಂಬಿಲ್ಲ. ಹಾಂ, ಆ ಗುಲಾಬಿ ಮರಳು ಫೋಟೋದಲ್ಲಿದ್ದಷ್ಟು ಇರಲ್ಲ, ನೀರಿನ ಅಂಚಲ್ಲಿ ಕುಂಕುಮ ಉದುರಿಸಿದ ಹಾಗೆ ಗೆರೆ ಗೆರೆಯಾಗಿ ಕಾಣುತ್ತೆ, ಎಲ್ಲ ಚಿಪ್ಪಿನ ಪುಡಿ. ಅದನ್ನ ಬಾಟಲಿಗೆ ತುಂಬ್ಕೊಂಡು ಬರೋ ಹಾಗಿಲ್ಲ, ಸಂರಕ್ಷಿತ ಜಾಗ. ಬೆಳಿಗ್ಗೆ ಒಂಬತ್ತರೊಳಗೆ ಅಲ್ಲಿರಿ, ಆಮೇಲೆ ಬಸ್ಸುಗಟ್ಟಲೆ ಜನ.

ಬಾಲೋಸ್ ಬೀಚು ನೋಡ್ಲೇಬೇಕು ಅಂದ್ರೆ ಕಿಸ್ಸಾಮೋಸ್ ಬಂದರಿಂದ ಬೋಟಲ್ಲಿ ಹೋಗಿ, ದಾರೀಲಿ ಗ್ರಾಮ್‌ವೂಸಾ ದ್ವೀಪದಲ್ಲಿ ವೆನಿಸ್‌ನವ್ರು ಕಟ್ಟಿದ ಕೋಟೇನೂ ಸಿಗುತ್ತೆ. ನಾನು ಜಂಬ ಮಾಡಿ ಬಾಡಿಗೆ ಕಾರು ತಗೊಂಡು ಹೋಗಿ ಆ ಕಲ್ಲುರಸ್ತೇಲಿ ಟೈರು ಹರ್ಕೊಂಡೆ, ಮಣ್ಣು ರಸ್ತೆಗೆ ಇನ್ಶೂರೆನ್ಸ್ ಇಲ್ಲ ಅಂತ ಅಗ್ರಿಮೆಂಟಲ್ಲಿ ಸಣ್ಣ ಅಕ್ಷರದಲ್ಲಿತ್ತು, ಓದಿರ್ಲಿಲ್ಲ. ಕಾರಿಟ್ಟ ಮೇಲೂ ಅರ್ಧ ಗಂಟೆ ಇಳೀಬೇಕು, ಮತ್ತೆ ಬಿಸಿಲಲ್ಲಿ ಹತ್ತಬೇಕು, ಅಪ್ಪ ಅಮ್ಮಂಗೆ ಅದು ಆಗಲ್ಲ.

ನನ್ನ ಪಾಲಿಗೆ ಮೂರರಲ್ಲಿ ಬೆಸ್ಟು ಫಲಾಸರ್ನಾ. ಪಶ್ಚಿಮಕ್ಕೆ ಮುಖ, ಅಗಲವಾದ ಮರಳು, ಸಂಜೆ ಸೂರ್ಯ ನೇರ ನೀರಿಗೇ ಇಳೀತಾನೆ. ಉತ್ತರದ ಕಡೆ ಸ್ವಲ್ಪ ನಡೆದ್ರೆ ಹಳೇ ಕಾಲದ ಬಂದರು ಇದೆ, ಒಣಗಿ ನಿಂತಿದೆ! ಕ್ರಿ.ಶ. 365ರ ಭೂಕಂಪದಲ್ಲಿ ಅಲ್ಲಿನ ನೆಲ ಆರು ಮೀಟರಿಗಿಂತ ಜಾಸ್ತಿ ಮೇಲೆದ್ದು ಸಮುದ್ರ ಹಿಂದಕ್ಕೆ ಹೋಯ್ತಂತೆ, ಹಡಗು ನಿಲ್ತಿದ್ದ ಜಾಗದಲ್ಲಿ ಈಗ ಹುಲ್ಲು.

ಇದೆಲ್ಲದಕ್ಕಿಂತ ಮುಖ್ಯ ಗಾಳಿ. ಮೆಲ್ಟೆಮಿ ಅಂತ ಉತ್ತರದ ಗಾಳಿ, ಜೋರು ಜುಲೈ ಆಗಸ್ಟಲ್ಲಿ, ಸೆಪ್ಟೆಂಬರಲ್ಲೂ ಆಗಾಗ ಬೀಸುತ್ತೆ. ಅಲ್ಲಿ ಗಾಳೀನ ಬೋಫೋರ್ಟ್ ಲೆಕ್ಕದಲ್ಲಿ (ಗಾಳಿಯ ಜೋರಿಗೆ ಸೊನ್ನೆಯಿಂದ ಹನ್ನೆರಡರ ತನಕ ಕೊಡೋ ಅಂಕ) ಹೇಳ್ತಾರೆ, ಐದು ದಾಟಿದ ದಿನ ಫಲಾಸರ್ನಾಗೆ ಹೋದ್ರೆ ನಾವು ತಿಂದ ಹಾಗೆ ಅರ್ಧ ಪುಳಿಯೋಗರೆ ಅರ್ಧ ಮರಳು ತಿನ್ಬೇಕಾಗುತ್ತೆ. ಅದಕ್ಕೇ ಮುಂಚೆನೇ ದಿನ ಫಿಕ್ಸ್ ಮಾಡ್ಬೇಡಿ, ಹಿಂದಿನ ರಾತ್ರಿ ಗಾಳಿ ನೋಡಿ ನಿರ್ಧಾರ ಮಾಡಿ. ಗಾಳಿ ಜಾಸ್ತಿ ಇದ್ದ ದಿನ ಹಾನಿಯಾದ ಹಳೇ ಬಂದರಲ್ಲೇ ಅಡ್ಡಾಡಿ. ರಬ್ಬರ್ ಚಪ್ಪಲಿ ಎಲ್ರಿಗೂ ತಗೊಳ್ಳಿ, ಬಂಡೆ ಇರೋ ಕಡೆ ಮೈತುಂಬ ಮುಳ್ಳಿರೋ ಕಡಲ ಪ್ರಾಣಿಗಳಿರ್ತವೆ (ಸೀ ಅರ್ಚಿನ್), ನನ್ನ ಮಗನ ಹಿಮ್ಮಡಿಯಿಂದ ಪಿನ್ನಲ್ಲಿ ಹನ್ನೊಂದು ಮುಳ್ಳು ತೆಗೆದಿದೀನಿ.