ವೇಲ್ಸ್ ಕೋಟೆಗಳು: ಮೂರು ದಿನಕ್ಕೆ ಒಂಬತ್ತು ಬೇಡ

ನಿಮ್ಮ ಪ್ರಶ್ನೆ ನಿನ್ನೆಯೇ ನೋಡಿದ್ದೆ, ಬರೆಯಲು ಈಗ ಪುರುಸೊತ್ತಾಯಿತು. ಮೇ ತಿಂಗಳು, ಬರ್ಮಿಂಗ್‌ಹ್ಯಾಮ್‌ನಿಂದ ಕಾರು, ಮಂಡಿ ನೋವಿನ ಅಮ್ಮ, ಎಂಟು ವರ್ಷದ ಮಗ, ಮೂರು ದಿನಕ್ಕೆ ಒಂಬತ್ತು ಕೋಟೆ. ಪಟ್ಟಿ ಓದಿ ನನಗೇ ಸುಸ್ತಾಯಿತು! ಮೊದಲ ಸಲ ನಾವೂ ಹೀಗೇ ಮಾಡಿದ್ದೆವು, ಒಂದೇ ದಿನ ನಾಲ್ಕು. ಮೂರನೆಯದಕ್ಕೆ ಮಗಳು ಕಾರಿನಿಂದ ಇಳಿಯಲೇ ಇಲ್ಲ. ಮನೆಗೆ ಬಂದು ಫೋಟೋ ನೋಡಿದರೆ ಯಾವ ಗೋಪುರ ಯಾವ ಕೋಟೆಯದು ಅಂತಲೇ ಗೊತ್ತಾಗಲಿಲ್ಲ. ಐದು ಸಾಕು. ಅದರಲ್ಲಿ ಒಂದಾದರೂ ವೇಲ್ಸಿನವರೇ ಕಟ್ಟಿದ್ದಿರಲಿ. ನಿಮ್ಮ ಪಟ್ಟಿಯಲ್ಲಿ ಅಂಥದ್ದು ಒಂದೂ ಇಲ್ಲ.

ಮೊದಲ ದಿನ ವೆಲ್ಷ್‌ಪೂಲ್ ಹತ್ತಿರದ ಪೊವಿಸ್. ಇದು ಪಾಳು ಕೋಟೆ ಅಲ್ಲ, ಕೆಂಪು ಕಲ್ಲಿನ ಅರಮನೆ. ನಮಗೆ ಇಲ್ಲಿ ಬೇರೆಯೇ ಕೆಲಸ ಇದೆ. ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್ ಕ್ಲೈವ್ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದ. ಅವನ ಹೆಂಡತಿ ಹೆನ್ರಿಯೆಟಾ ಈ ಪೊವಿಸ್ ಮನೆತನದವಳು. ಮರುವರ್ಷ ಅವಳು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದ್ರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣ ಎಲ್ಲ ಸುತ್ತಿ ಬಂದಳು. ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿಕೊಂಡಾಗ ಸಿಕ್ಕ ಚಿನ್ನದ ಹುಲಿತಲೆಗಳಲ್ಲಿ ಒಂದು ಇಲ್ಲಿದೆ. ಟಿಪ್ಪುವಿನ ಬಣ್ಣದ ಬಟ್ಟೆಯ ಡೇರೆಯೂ ಇಲ್ಲಿಗೇ ಬಂತು. ಅದನ್ನು ತೋಟದ ಪಾರ್ಟಿಗಳಿಗೆ ಚಪ್ಪರದ ಹಾಗೆ ಬಳಸುತ್ತಿದ್ದರಂತೆ. ಆ ಹುಲಿಯ ಮುಂದೆ ನಿಂತಾಗ ನನಗೆ ಖುಷಿ ಆಯಿತೋ ಸಿಟ್ಟು ಬಂತೋ ಈಗಲೂ ಹೇಳಲಾರೆ. ತೋಟದಲ್ಲಿ ಇಳಿಜಾರು ಜಾಸ್ತಿ, ಅಮ್ಮ ಮೇಲಿನ ಹಂತದಲ್ಲೇ ಕೂತು ನೋಡಲಿ.

ಟಿಕೆಟ್ ವಿಷಯದಲ್ಲಿ ಎಚ್ಚರ. ಪೊವಿಸ್ ನ್ಯಾಷನಲ್ ಟ್ರಸ್ಟಿನದು. ನಾನು ಮುಂದೆ ಹೇಳುವ ಕೋಟೆಗಳು ವೇಲ್ಸ್ ಸರ್ಕಾರದ ಕ್ಯಾಡು ಅನ್ನುವ ಸಂಸ್ಥೆಯವು. ಒಂದರ ಪಾಸ್ ಇನ್ನೊಂದಕ್ಕೆ ನಡೆಯುವುದಿಲ್ಲ. (ಕ್ಯಾಡು ಅಂದರೆ ವೆಲ್ಷ್‌ನಲ್ಲಿ ಕಾಪಾಡುವುದು ಅಂತ. ನಮ್ಮ 'ಕಾದು' ಥರ ಕೇಳಿಸುತ್ತದೆ, ಸಂಬಂಧ ಏನೂ ಇಲ್ಲ.) ಕ್ಯಾಡುವಿನ ಕೋಟೆಗಳಿಗೆಲ್ಲ ಒಟ್ಟಿಗೆ ನಡೆಯುವ ಎಕ್ಸ್‌ಪ್ಲೋರರ್ ಪಾಸ್ ಅಂತ ಸಿಗುತ್ತದೆ, ಆದರೆ ಅವುಗಳಲ್ಲಿ ನೀವು ದುಡ್ಡು ಕೊಟ್ಟು ನೋಡುವವು ಮೂರೇ ಆದ್ದರಿಂದ ಲಾಭವೋ ಇಲ್ಲವೋ ಲೆಕ್ಕ ಹಾಕಿಯೇ ತೆಗೆದುಕೊಳ್ಳಿ.

ರಾತ್ರಿ ಡೊಲ್ಗೆಥ್ಲೈ ಊರಲ್ಲಿ ಉಳಿಯಿರಿ. ಎರಡನೇ ದಿನ ಬೆಳಿಗ್ಗೆ ಕಾಸ್ಟೆಲ್ ಅ ಬೆರೆ. ನನ್ನ ಇಡೀ ಉತ್ತರ ಮರೆತರೂ ಇದನ್ನು ಬಿಡಬೇಡಿ. ಕಣಿವೆಯ ನಡುವೆ ಒಂದು ಬಂಡೆ, ಅದರ ಮೇಲೆ ಸೊಂಟದೆತ್ತರದ ಗೋಡೆಗಳು, ಸುತ್ತ ಕುರಿಗಳು. ಟಿಕೆಟ್ ಇಲ್ಲ, ಗೇಟಿನಲ್ಲಿ ಕೇಳುವವರಿಲ್ಲ, ಟಾಯ್ಲೆಟ್ಟೂ ಇಲ್ಲ, ಎಲ್ಲ ಊರಲ್ಲೇ ಮುಗಿಸಿಕೊಂಡು ಹೋಗಿ. ಲುವೆಲಿನ್ ಅಬ್ ಯೋರ್ವೆರ್ಥ್ ಅನ್ನುವ ವೇಲ್ಸಿನ ದೊರೆ 1221ರಲ್ಲಿ ಕಟ್ಟಲು ಶುರುಮಾಡಿದ್ದು. ಅರ್ಧಚಂದ್ರದ ಹಾಗೆ ಒಂದು ಕಡೆ ದುಂಡಗಿರುವ ಗೋಪುರ ಅವರ ಗುರುತು. 1282ರಲ್ಲಿ ಅವನ ಮೊಮ್ಮಗ, ಅವನೂ ಲುವೆಲಿನ್ನೇ, ಯುದ್ಧದಲ್ಲಿ ಸತ್ತ. ಮರುವರ್ಷ ಈ ಕೋಟೆ ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್‌ನ ಕೈಸೇರಿತು. ಅದೇ 1283ರಲ್ಲಿ ಹಾರ್ಲೆಖ್, ಕಾನ್ವಿ, ಕೈರ್ನಾರ್ವನ್ ಮೂರರ ಕೆಲಸವೂ ಶುರು. ಸೋತವರ ಕೋಟೆ ನೋಡಿ ಆಮೇಲೆ ಗೆದ್ದವರದ್ದಕ್ಕೆ ಹೋದರೆ ಆ ಗೋಡೆಗಳು ಯಾಕೆ ಅಷ್ಟು ದಪ್ಪ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬಂಡೆ ಹತ್ತುವುದು ಸ್ವಲ್ಪವೇ, ಆದರೆ ಉಬ್ಬುತಗ್ಗು. ಅಮ್ಮ ಬೇಡ ಅಂದರೆ ಕಾರಿನ ಹತ್ತಿರವೇ ಇರಲಿ. ಕಣಿವೆಯ ಕೆಳಗೆ ಕ್ರೇಗ್ ಅರ್ ಅಡೆರಿನ್, ಅಂದರೆ ಹಕ್ಕಿ ಬಂಡೆ, ಕಾಣುತ್ತದೆ. ಒಂದು ಕಾಲಕ್ಕೆ ಸಮುದ್ರ ಈ ಕಣಿವೆಯೊಳಗೆ ಬರುತ್ತಿತ್ತು. ಈಗ ಹಿಂದೆ ಸರಿದಿದೆ, ನೀರುಕಾಗೆಗಳು ಮಾತ್ರ ಇನ್ನೂ ಅಲ್ಲೇ ಗೂಡು ಕಟ್ಟುತ್ತವೆ.

ಮಧ್ಯಾಹ್ನ ಹಾರ್ಲೆಖ್. ಎಡ್ವರ್ಡ್‌ನ ಕೋಟೆಗಳೆಲ್ಲ ನೀರಿನ ಪಕ್ಕದಲ್ಲೇ ಯಾಕೆ ಅಂತ ಮಗ ಕೇಳಿದರೆ ಇಲ್ಲಿ ತೋರಿಸಿ. ಸುತ್ತ ಶತ್ರುಗಳಿದ್ದರೂ ಹಡಗಿನಲ್ಲಿ ದವಸ ಬರಬೇಕು. ಬಂಡೆಯ ಬುಡದಲ್ಲಿ ಅದಕ್ಕೇ ಒಂದು ಬಾಗಿಲಿದೆ, ಅಲ್ಲಿಂದ 108 ಮೆಟ್ಟಿಲು ಮೇಲಕ್ಕೆ. ಈಗ ಅಲ್ಲಿಂದ ಸಮುದ್ರ ದೂರ, ನಡುವೆ ರೈಲು ಹಳಿ, ಗಾಲ್ಫ್ ಮೈದಾನ. 1404ರಲ್ಲಿ ದಂಗೆ ಎದ್ದ ಓವೈನ್ ಗ್ಲಿನ್‌ಡೂರ್ ಇದನ್ನು ಹಿಡಿದು ಐದು ವರ್ಷ ಇಟ್ಟುಕೊಂಡಿದ್ದ.

ಮೂರನೇ ದಿನ ಕೈರ್ನಾರ್ವನ್, ಆಮೇಲೆ ಕಾನ್ವಿ. ಕೈರ್ನಾರ್ವನ್ ಅಮ್ಮನ ಸಲುವಾಗಿ. ಅಲ್ಲಿನ ರಾಜದ್ವಾರಕ್ಕೆ 2023ರಿಂದ ಲಿಫ್ಟ್ ಇದೆ, ಮೇಲಿನ ಅಟ್ಟದವರೆಗೂ ಹೋಗಬಹುದು. ಉಳಿದ ಕಡೆ ಎಲ್ಲ ಸುರುಳಿ ಮೆಟ್ಟಿಲೇ, ಇಕ್ಕಟ್ಟು, ಕಲ್ಲು ಸವೆದು ನುಣುಪಾಗಿರುತ್ತದೆ, ಮಳೆ ಬಂದರೆ ಜಾರುತ್ತದೆ. ಚಪ್ಪಲಿ ಬೇಡವೇ ಬೇಡ. ಕಾನ್ವಿಯಲ್ಲಿ ಎಂಟು ಗೋಪುರ, ಮಗ ಎಲ್ಲ ಹತ್ತುತ್ತೇನೆ ಅನ್ನುತ್ತಾನೆ, ಬಿಡಿ. ಊರ ಸುತ್ತಲಿನ ಗೋಡೆಯ ಮೇಲೂ ಪುಕ್ಕಟೆ ನಡೆಯಬಹುದು. ಬ್ಯೂಮಾರಿಸ್ ಕೋಟೆಯೂ ಚೆಂದವೇ, ಈ ಸಲಕ್ಕೆ ಬಿಡಿ.

ರಸ್ತೆ ಬಗ್ಗೆ ಒಂದು ಮಾತು. ಮ್ಯಾಪ್ ಒಂದು ಗಂಟೆ ಅಂದರೆ ಒಂದೂವರೆ ಇಟ್ಟುಕೊಳ್ಳಿ. ಊರೊಳಗೆ ಹೆಚ್ಚಿನ ಕಡೆ 20 ಮೈಲಿಯೇ ಮಿತಿ. ರಸ್ತೆ ಮೇಲೆ 'ಅರಾವ್' ಅಂತ ಬರೆದಿದ್ದರೆ ನಿಧಾನ ಅಂತ. ಹತ್ತಿರದ ದಾರಿ ಅಂತ ಹಳ್ಳಿ ಓಣಿಗೆ ಇಳಿಯಬೇಡಿ. ನಾನು ಇಳಿದೆ, ಎದುರಿಗೆ ಟ್ರೇಲರ್ ಸಮೇತ ಟ್ರಾಕ್ಟರ್ ಬಂತು. ಎರಡೂ ಕಡೆ ಬೇಲಿ, ಸುಮ್ನೆ ಹಿಂದಕ್ಕೆ ಹೋಗದೆ ದಾರಿ ಇರಲಿಲ್ಲ. ಕನ್ನಡಿಯ ಮೇಲೆ ಆ ಗೀರು ಇನ್ನೂ ಇದೆ. ಹೊಲದ ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮತ್ತೆ ಮುಚ್ಚಿ, ತೆರೆದಿದ್ದರೆ ಹಾಗೇ ಬಿಡಿ.

ಡೊಲ್ಗೆಥ್ಲೈನಲ್ಲಿ ರೂಮು ಬೇಗ ಹಿಡಿಯಿರಿ, ಮೇ ಕೊನೆಯ ವಾರ ಶಾಲೆಗೆ ರಜೆ ಇರುತ್ತದೆ. ತಾರೀಕು ಗೊತ್ತಾದರೆ ಇಲ್ಲೇ ಹಾಕಿ, ಊಟದ ಜಾಗ ಹೇಳುತ್ತೇನೆ.